ಯಾರಿಗೂ ಹೇಳಬಾರದ ಬಹುಮಾನ

ನನ್ನ ಅನುಮಾನದ ಬಗ್ಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಾಲಿನ ಪ್ಯಾಕೆಟ್ ಕೈಗೆ ಬಂದರೆ ನಾನು ಮೊದಲು ತಾರೀಖು ನೋಡುತ್ತೇನೆ. ತರಕಾರಿ ಗಾಡಿಯವನು ಕೊಸರು ಹಾಕಿದರೆ ತೂಕದಲ್ಲಿ ಎಷ್ಟು ಹೊಡೆದಿರಬಹುದು ಎಂದು ಯೋಚಿಸುತ್ತೇನೆ. ಆಟೋದವನು ಕೇಳುವ ಮುಂಚೆಯೇ ಮೀಟರ್ ಹಾಕಿದರೆ ಆ ಮೀಟರಿನ ಮೇಲೆಯೇ ನನಗೆ ಸಂಶಯ. ಒಂದು ಸಣ್ಣ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ಕೂತು ಕೂತು ಈ ಗುಣ ಬಂತೋ, ಈ ಗುಣ ಇದ್ದದ್ದರಿಂದಲೇ ಆ ಕುರ್ಚಿ ಸಿಕ್ಕಿತೋ ಗೊತ್ತಿಲ್ಲ. "ಪರ್ಸು ಗಾಡೀಲೇ ಬಿಟ್ಟು ಬಂದೆ ಮೇಡಂ, ಈಗ ಬಂದೆ" ಎಂದು ಹೋದವರ ಬೆನ್ನನ್ನು ನಾನು ಗೇಟಿನವರೆಗೂ ನೋಡುತ್ತಿರುತ್ತೇನೆ.

ಇಂಥವಳಿಗೆ ಲಾಟರಿ ಹೊಡೆದಿದೆ ಎಂದು ಫೋನ್ ಮಾಡಿದವರ ಪಾಡು ಕೇಳಬೇಡಿ. ಕೊಳ್ಳದ ಟಿಕೆಟ್ಟಿಗೆ ಬಹುಮಾನ ಎಲ್ಲಿಂದ ಬರುತ್ತದೆ ಎಂದು ಅವರಿಗೇ ಪಾಠ ಹೇಳಿ, ಅವರೇ ಬೇಸತ್ತು ಇಡುವ ಹಾಗೆ ಮಾಡುತ್ತಿದ್ದೆ. ನಮ್ಮ ಮನೆಗೆ ಇಂಥ ಕಳ್ಳ ಬರಲಾರ ಎಂಬ ಜಂಬ ನನಗಿತ್ತು. ಅವನು ಬಂದ. ನನ್ನ ನಂಬರಿಗೆ ಬರಲಿಲ್ಲ, ಅಷ್ಟೆ.

ಬಂದದ್ದು ಅಕ್ಕನ ನಂಬರಿಗೆ. ಅಕ್ಕ ಎಂದರೆ ನನ್ನ ಗಂಡನ ಅಕ್ಕ. ಮಕ್ಕಳಿಲ್ಲ. ಅವರ ಯಜಮಾನರು ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದರು, ಇದ್ದಕ್ಕಿದ್ದಂತೆ ಹೋದರು. ಬಾಡಿಗೆ ಮನೆ ಬಿಟ್ಟು, ಪಾತ್ರೆಗಳ ಮೂಟೆ ಸಮೇತ ನಮ್ಮ ಬಸವೇಶ್ವರನಗರದ ಮನೆಗೆ ಬಂದವರು ಇಲ್ಲೇ ಉಳಿದರು. ದೇವರಮನೆಯ ಪಕ್ಕದ ಕೋಣೆ ಅವರದು. ಅವರದು ಎಂದರೆ ಇಸ್ತ್ರಿ ಬಟ್ಟೆಯ ಗಂಟು, ಹಳೆಯ ಟೇಬಲ್ ಫ್ಯಾನು, ಹಬ್ಬದ ದೊಡ್ಡ ಪಾತ್ರೆಗಳು ಇವುಗಳ ಜೊತೆ ಅವರೂ ಅಲ್ಲಿ ಮಲಗುತ್ತಾರೆ ಎಂದರ್ಥ. ಬೆಳಗಿನ ಕಾಫಿಯಿಂದ ರಾತ್ರಿಯ ಹೆಪ್ಪಿನವರೆಗೆ ಅಡುಗೆಮನೆ ಅವರ ಕೈಯಲ್ಲಿ. ಯಜಮಾನರ ಸಣ್ಣ ಪಿಂಚಣಿ ಬಿಟ್ಟರೆ ತಮ್ಮದು ಅಂತ ಅವರ ಬಳಿ ಇದ್ದದ್ದು ಕೈಯಲ್ಲಿನ ಎರಡು ಚಿನ್ನದ ಬಳೆ. ಎಂಥ ಕಷ್ಟದಲ್ಲೂ ಯಜಮಾನರು ಅದನ್ನು ಅಡ ಇಡಲಿಲ್ಲ ಎಂದು ಅಕ್ಕ ಆಗಾಗ ಹೇಳುತ್ತಿದ್ದರು. ಆ ಫೋನಿನವನ ಕಣ್ಣು ಬಿದ್ದದ್ದು ಆ ಬಳೆಗಳ ಮೇಲೆ. ಬಳೆ ಇವೆ ಎಂದು ಅವನಿಗೆ ಗೊತ್ತಿರಲಿಲ್ಲ ಎನ್ನಿ. ಈ ವಯಸ್ಸಿನ ಹೆಂಗಸಿನ ಬಳಿ ಏನಾದರೂ ಇದ್ದೇ ಇರುತ್ತದೆ ಎಂದು ಮಾತ್ರ ಗೊತ್ತಿತ್ತು.

ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಫೋನಲ್ಲ, ಒಂದು ಮುಡಿಪು. ದೇವರಮನೆ ಒರೆಸುವಾಗ ಲಕ್ಷ್ಮಿ ಪಟದ ಹಿಂದೆ ಅರಿಶಿನದಲ್ಲಿ ಅದ್ದಿದ ಬಟ್ಟೆಯ ಚಿಕ್ಕ ಗಂಟು ಕಂಡಿತು. ಒಳಗೆ ನಾಣ್ಯ. ಬಟ್ಟೆ ಇನ್ನೂ ಗರಿಗರಿಯಾಗಿತ್ತು, ಕಟ್ಟಿ ಬಹಳ ದಿನ ಆಗಿರಲಿಲ್ಲ. ನಾನು ಕಟ್ಟಿದ್ದಲ್ಲ. ನನ್ನ ಗಂಡನಂತೂ ದೇವರಿಗೆ ಕೈ ಮುಗಿಯುವುದೇ ಪರೀಕ್ಷೆ ಬರೆಯುವವರ ಹಾಗೆ, ವರ್ಷಕ್ಕೊಮ್ಮೆ. ಅಂದರೆ ಅಕ್ಕ ಹರಕೆ ಹೊತ್ತಿದ್ದರು. ಯಾವುದಕ್ಕೆ?

ಕೇಳುವ ಹಾಗಿಲ್ಲ. ಹರಕೆ ಯಾವುದಕ್ಕೆ ಎಂದು ನಮ್ಮಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಹರಕೆಯೊಂದೇ ಅಲ್ಲ, ಆಗಬೇಕಾದ ಯಾವ ಒಳ್ಳೆಯ ಕೆಲಸವನ್ನೂ ಆಗುವ ತನಕ ಬಾಯಿ ಬಿಟ್ಟು ಹೇಳುವುದಿಲ್ಲ. ಹೇಳಿದರೆ ದೃಷ್ಟಿ ತಾಗುತ್ತದೆ, ಕೆಲಸ ಕೆಡುತ್ತದೆ. ಗಂಡು ನೋಡಿಕೊಂಡು ಹೋದದ್ದನ್ನು ಮಾತುಕತೆ ಮುಗಿಯುವ ತನಕ ಪಕ್ಕದ ಮನೆಗೆ ಹೇಳುವುದಿಲ್ಲ. ಬಸುರಿಯಾದದ್ದನ್ನು ಮೂರು ತಿಂಗಳು ತುಂಬುವ ತನಕ ಹೇಳುವುದಿಲ್ಲ. ನಾವು ಈ ಮನೆ ಕೊಂಡಾಗ ನನ್ನ ಸ್ವಂತ ತಂಗಿಗೆ ಗೊತ್ತಾದದ್ದು ಗೃಹಪ್ರವೇಶದ ಕಾರ್ಡು ಕೈಗೆ ಬಂದಾಗಲೇ. ಅವಳು ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ. ನಾನಂತೂ ಈ ವಿಷಯದಲ್ಲಿ ಎಲ್ಲರಿಗಿಂತ ಒಂದು ಕೈ ಮೇಲು. ಜನರ ಕಣ್ಣಿನ ಮೇಲೆ ನನಗೆ ಮೊದಲೇ ನಂಬಿಕೆಯಿಲ್ಲ.

ಹಾಗಾಗಿ ಬಾಯಿ ಮುಚ್ಚಿಕೊಂಡು ಕಣ್ಣು ತೆರೆದೆ. ಮೊದಲು ಬಂದ ಅನುಮಾನ ಕಾಯಿಲೆಯದು. ಆಸ್ಪತ್ರೆಯಲ್ಲಿ ಎಷ್ಟು ಜನ ಹೆಂಗಸರನ್ನು ನೋಡಿಲ್ಲ, ಎದೆಯಲ್ಲಿ ಗಂಟು ಕಾಣಿಸಿಕೊಂಡು ವರ್ಷವಾದರೂ ಮನೆಯವರಿಗೆ ಹೇಳದೆ ದೇವರಿಗೆ ಮಾತ್ರ ಹೇಳಿಕೊಂಡವರನ್ನು. ಅಕ್ಕ ಊಟ ಸರಿಯಾಗಿ ಮಾಡುತ್ತಾರಾ, ಮೆಟ್ಟಿಲು ಹತ್ತುವಾಗ ಏದುಸಿರು ಬಿಡುತ್ತಾರಾ ಎಂದು ಗಮನಿಸತೊಡಗಿದೆ. ಎಲ್ಲ ಸರಿಯಾಗಿಯೇ ಇತ್ತು. ಸರಿಗಿಂತ ಹೆಚ್ಚೇ ಸರಿಯಾಗಿತ್ತು. ಒಗ್ಗರಣೆ ಹಾಕುತ್ತಾ ಏನೋ ಗುನುಗುತ್ತಿದ್ದರು. ಕಾಯಿಲೆಯವರು ಗುನುಗುವುದಿಲ್ಲ.

ಆಮೇಲೆ ಫೋನು ನನ್ನ ಗಮನಕ್ಕೆ ಬಂತು. ನನ್ನ ಹಳೆಯ ಸ್ಮಾರ್ಟ್‌ಫೋನನ್ನು ಅಕ್ಕನಿಗೆ ಕೊಟ್ಟಿದ್ದೆ, ಭಜನೆ ಕೇಳಲಿ, ರಂಗೋಲಿ ವಿಡಿಯೋ ನೋಡಲಿ ಎಂದು. ಒಂದೆರಡು ಸಲ ಅದರಲ್ಲೇ ನೈಟಿ ತರಿಸಿಕೊಂಡಿದ್ದರು, ಬಾಗಿಲಲ್ಲಿ ದುಡ್ಡು ಕೊಡುವ ಲೆಕ್ಕದಲ್ಲಿ. ಈಗ ಆ ಫೋನು ರಿಂಗಾದರೆ ಅಕ್ಕ ಅದನ್ನು ಸೆರಗಿನಡಿ ಮುಚ್ಚಿಕೊಂಡು, ಒಣಗಿದ ಬಟ್ಟೆ ತರುವ ನೆಪದಲ್ಲಿ ಟೆರೇಸಿಗೆ ಹೋಗುತ್ತಿದ್ದರು. ಒಂದು ರಜೆಯ ದಿನ ನಾನು ಮನೆಯಲ್ಲೇ ಇದ್ದೆ. ಬಟ್ಟೆ ತರಲು ಹೋದವರು ಬಹಳ ಹೊತ್ತು ಬಿಟ್ಟು ಬರಿಗೈಯಲ್ಲಿ ಇಳಿದು ಬಂದರು. ಮುಖ ಅರಳಿತ್ತು.

"ಬಟ್ಟೆ ಎಲ್ಲಕ್ಕಾ?" ಎಂದೆ.

"ಅಯ್ಯೋ, ಇನ್ನೂ ಹಸಿ ಇದೆ ಕಣೇ" ಎಂದರು. ಹೊರಗೆ ರಣಬಿಸಿಲು. ನನ್ನ ಕಿವಿ ನೆಟ್ಟಗಾಯಿತು.

ರಾತ್ರಿ ಗಂಡನಿಗೆ ಹೇಳಿದೆ. ಅವರು ಟಿವಿಯಿಂದ ಕಣ್ಣು ತೆಗೆಯದೆ, "ಅಕ್ಕ ಫೋನಲ್ಲಿ ಮಾತಾಡಿದ್ರೂ ನಿನಗೆ ಅನುಮಾನ, ಮಾತಾಡದೇ ಇದ್ರೂ ಅನುಮಾನ. ಯಾರೋ ಹಳೇ ಪರಿಚಯದೋರು ಇರ್ತಾರೆ, ಬಿಡು" ಎಂದರು. ಬಿಡುವ ಜಾಯಮಾನ ನನ್ನದಲ್ಲ. ಹಳೆಯ ಪರಿಚಯದವರ ಜೊತೆ ಮಾತಾಡಲು ಹರಕೆ ಯಾಕೆ ಹೊರಬೇಕು?

ಆ ವಾರವೇ ಒಂದು ಮಧ್ಯಾಹ್ನ ನನಗೆ ಅರ್ಧ ದಿನದ ರಜೆ ಸಿಕ್ಕಿತು. ಸ್ಕೂಟಿಯಲ್ಲಿ ಮನೆ ಕಡೆ ತಿರುಗುವಷ್ಟರಲ್ಲಿ ಅಕ್ಕ ಗೇಟು ಹಾಕಿಕೊಂಡು ಹೊರಗೆ ಬಂದರು. ಒಳ್ಳೆಯ ಸೀರೆ ಉಟ್ಟಿದ್ದರು. ದೇವಸ್ಥಾನಕ್ಕೆ ಹೊರಟಿದ್ದರೆ ಕೈಯಲ್ಲಿ ಹೂವಿನ ಬುಟ್ಟಿ ಇರಬೇಕಿತ್ತು, ಮಾರ್ಕೆಟ್ಟಿಗಾದರೆ ಚೀಲ. ಎರಡೂ ಇರಲಿಲ್ಲ. ಎದೆಗೆ ಒಂದು ಪರ್ಸು ಅವಚಿಕೊಂಡಿದ್ದರು. ಮೂಲೆಯಲ್ಲಿ ಆಟೋ ಹತ್ತಿದರು. ಬಸ್ಸು ಇರುವ ಕಡೆಗೆಲ್ಲ ಬಸ್ಸಿನಲ್ಲೇ ಹೋಗುವ ಅಕ್ಕ ಆಟೋ ಹತ್ತಿದ್ದನ್ನು ನೋಡಿದ ಮೇಲೆ ನಾನು ಸ್ಕೂಟಿಯನ್ನು ಹಿಂದಕ್ಕೆ ತಿರುಗಿಸಿದೆ. ನಾಚಿಕೆಯಾಯಿತೇ ಎಂದರೆ ಇಲ್ಲ, ಭಯವಾಯಿತು.

ಆಟೋ ವಿಜಯನಗರದಲ್ಲಿ ನಿಂತಿತು. ಕೆಳಗೆ ಒಂದು ದರ್ಶಿನಿ ಹೋಟೆಲು, ಮೇಲಿನ ಮಹಡಿಯಲ್ಲಿ ಚಿನ್ನದ ಮೇಲೆ ಸಾಲ ಕೊಡುವ ಕಚೇರಿ. ಅಕ್ಕ ಕಂಬಿ ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ನಾನು ಗಾಡಿಗೆ ಸೈಡ್ ಸ್ಟ್ಯಾಂಡ್ ಹಾಕಿ ಹಿಂದೆಯೇ ಹತ್ತಿದೆ. ಒಳಗೆ ಎಸಿ, ಪ್ಲಾಸ್ಟಿಕ್ ಕುರ್ಚಿಗಳ ಸಾಲು, ಗಾಜಿನ ಹಿಂದೆ ಯೂನಿಫಾರಂ ತೊಟ್ಟ ಹುಡುಗಿ. ಅಕ್ಕ ಟೋಕನ್ ಹಿಡಿದು ಕೂತಿದ್ದರು. ಮಡಿಲಲ್ಲಿ ಕರ್ಚೀಫು, ಅದರ ಮೇಲೆ ಎರಡು ಬಳೆ. ಬರಿದಾದ ಅವರ ಕೈಗಳನ್ನು ನಾನು ಅಷ್ಟು ವರ್ಷದಲ್ಲಿ ನೋಡಿರಲೇ ಇಲ್ಲ. ಬಳೆ ಕೂತು ಕೂತು ಮಣಿಕಟ್ಟಿನ ಚರ್ಮ ಅಲ್ಲಿ ಬೆಳ್ಳಗಾಗಿತ್ತು.

ಪಕ್ಕದ ಕುರ್ಚಿಯಲ್ಲಿ ಕೂತೆ. ಅಕ್ಕ ಬೆಚ್ಚಿಬಿದ್ದರು.

"ಏನಕ್ಕಾ ಇದು?"

"ಈಗ ಕೇಳ್ಬೇಡ ಕಣೇ. ಕೆಲಸ ಆಗ್ಲಿ, ಆಮೇಲೆ ನಾನೇ ಹೇಳ್ತೀನಿ. ಸಿಹಿ ಹಂಚಿ ಹೇಳ್ತೀನಿ."

ನಮ್ಮ ಮನೆಯಲ್ಲಿ ಈ ಮಾತಿನ ಮುಂದೆ ಮಾತಿಲ್ಲ. ನಾನೇ ಎಷ್ಟು ಸಲ ಇದನ್ನೇ ಹೇಳಿ ಅಕ್ಕನ ಬಾಯಿ ಮುಚ್ಚಿಸಿಲ್ಲ. ಆದರೆ ಮಡಿಲಲ್ಲಿ ಬಳೆ ಇತ್ತು, ಗಾಜಿನ ಹಿಂದೆ ತಕ್ಕಡಿ ಇತ್ತು. ಅಷ್ಟರಲ್ಲಿ ಅಕ್ಕನ ಫೋನು ಬೆಳಗಿತು. ಒಂದು ಚಿತ್ರ ಬಂದಿತ್ತು. ಅವರು ಮುಚ್ಚಿಕೊಳ್ಳುವಷ್ಟರಲ್ಲಿ ನಾನು ನೋಡಿಬಿಟ್ಟೆ. ಕೆಂಪು ರಿಬ್ಬನ್ ಕಟ್ಟಿದ ಬಿಳಿ ಕಾರು, ಮೇಲೆ ಅಕ್ಕನ ಹೆಸರು, ಕೆಳಗೆ ಗುಂಡನೆಯ ನೀಲಿ ಸೀಲು.

"ಲಾಟರಿನಾ?" ಎಂದೆ. ನನ್ನ ಗಂಟಲು ನನಗೇ ಗೊತ್ತಾಗದ ಹಾಗೆ ಏರಿತ್ತು. ಎದುರಿನ ಕುರ್ಚಿಯವರು ತಿರುಗಿ ನೋಡಿದರು.

"ಮೆಲ್ಲಗೆ ಮಾತಾಡೇ! ಲಾಟರಿ ಅಲ್ಲ. ನೈಟಿ ತರಿಸ್ಕೊಂಡಿದ್ನಲ್ಲ, ಆ ಕಂಪನಿಯೋರು ಗಿರಾಕಿಗಳ ಹೆಸರು ಹಾಕಿ ಡ್ರಾ ಎತ್ತಿದಾರಂತೆ. ಮೊದಲನೇ ಬಹುಮಾನ ನನಗೆ ಬಂದಿದೆ. ಕಾರು ಬೇಡ ಅಂದ್ರೆ ದುಡ್ಡೇ ಕೊಡ್ತಾರಂತೆ."

ಒಂದೊಂದಾಗಿ ಹೊರಗೆ ಬಂತು. ಫೋನ್ ಮಾಡುವವನು ಕನ್ನಡದವನು. ನನಗೆ ಬರುತ್ತಿದ್ದ ಲಾಟರಿ ಫೋನುಗಳೆಲ್ಲ ಹಿಂದಿಯಲ್ಲಿ ಶುರುವಾಗುತ್ತಿದ್ದವು, ಇಟ್ಟುಬಿಡುವುದು ಸುಲಭ. ಇವನು ಅಮ್ಮಾ ಎಂದು ಶುರುಮಾಡಿ, ಮೊದಲು ಅಕ್ಕನ ಮಂಡಿನೋವು ಹೇಗಿದೆ ಎಂದು ವಿಚಾರಿಸುತ್ತಿದ್ದ. ಮೊದಲು ಹೆಸರು ನೋಂದಾಯಿಸಲು ಎಂದು ಒಂದಿಷ್ಟು ದುಡ್ಡು ಕೇಳಿದ್ದ. ಅಕ್ಕ ಹೂವಿಗೆ, ಹಾಲಿಗೆ ಎಂದು ಉಳಿಸಿಕೊಂಡಿದ್ದನ್ನು ರೀಚಾರ್ಜ್ ಅಂಗಡಿಯಲ್ಲಿ ಕೊಟ್ಟು ಕಳಿಸಿದ್ದರು. ಈಗ ಟ್ಯಾಕ್ಸ್ ಕಟ್ಟಬೇಕು, ಅದು ಇವತ್ತೇ, ಸಂಜೆಯೊಳಗೆ. ಇಲ್ಲದಿದ್ದರೆ ಬಹುಮಾನ ಮುಂದಿನ ಹೆಸರಿಗೆ ಹೋಗುತ್ತದೆ.

"ಮನೇಲಿ ಯಾಕಕ್ಕಾ ಹೇಳ್ಲಿಲ್ಲ?"

"ಅವನೇ ಹೇಳಿದ್ದ ಕಣೇ. ದುಡ್ಡು ಕೈಗೆ ಬರೋ ತನಕ ಯಾರಿಗೂ ಹೇಳ್ಬೇಡಿ ಅಮ್ಮಾ, ದೃಷ್ಟಿ ಆಗುತ್ತೆ ಅಂತ. ಅಷ್ಟು ತಿಳುವಳಿಕೆ ಇರೋ ಹುಡುಗ."

ನನಗೆ ಮೈ ಉರಿದುಹೋಯಿತು. ನಾಲಿಗೆಗೆ ಬೀಗ ಹಾಕಲು ಅವನು ಹೊರಗಿನಿಂದ ಏನನ್ನೂ ತರಬೇಕಾಗಿರಲಿಲ್ಲ. ಬೀಗ ನಮ್ಮ ಮನೆಯಲ್ಲೇ ಇತ್ತು, ನಾವೇ ಎಣ್ಣೆ ಬಿಟ್ಟು ಇಟ್ಟುಕೊಂಡಿದ್ದೆವು. ಇಂಥ ಕಳ್ಳರು ಯಾರಿಗೂ ಹೇಳಬೇಡಿ ಎನ್ನುತ್ತಾರೆ ಎಂಬುದು ನನಗೆ ಗೊತ್ತಿತ್ತು. ಆ ಮಾತು ನಮ್ಮ ಮನೆಯಲ್ಲಿ ಬುದ್ಧಿವಾದದ ಹಾಗೆ ಕೇಳಿಸುತ್ತದೆ ಎಂಬುದು ಹೊಳೆದಿರಲಿಲ್ಲ.

ಅಕ್ಕನ ಕೈಯಿಂದ ಫೋನು ತೆಗೆದುಕೊಂಡು ನೋಡಿದೆ. ದುಡ್ಡು ಹಾಕಲು ಕೊಟ್ಟದ್ದು ಕಂಪನಿಯ ಹೆಸರಿನ ಖಾತೆಯಲ್ಲ, ಯಾರೋ ಒಬ್ಬ ವ್ಯಕ್ತಿಯದು. ಒಂದೊಂದು ಸಲ ಒಂದೊಂದು ನಂಬರಿನಿಂದ ಫೋನು ಬಂದಿತ್ತು. ನೈಟಿ ತರಿಸಿದ ಆಪ್ ತೆರೆದು ಹುಡುಕಿದೆ, ಅಲ್ಲಿ ಯಾವ ಡ್ರಾದ ಸುದ್ದಿಯೂ ಇರಲಿಲ್ಲ. ಎಲ್ಲವನ್ನೂ ಅಕ್ಕನಿಗೆ ತೋರಿಸಿದೆ. "ಬಹುಮಾನ ಕೊಡೋರು ಅದರಲ್ಲೇ ಟ್ಯಾಕ್ಸ್ ಹಿಡ್ಕೊಂಡು ಉಳಿದಿದ್ದು ಕೊಡ್ತಾರಕ್ಕಾ. ನಿಮ್ಮ ಹತ್ರ ಯಾಕೆ ಮುಂಚೆ ಕೇಳ್ಬೇಕು?" ಎಂದೆ. ನನ್ನ ಲೆಕ್ಕದಲ್ಲಿ ಅಲ್ಲಿಗೆ ಮುಗಿಯಬೇಕಿತ್ತು.

ಅಕ್ಕ ಬಳೆಗಳ ಮೇಲೆ ಕರ್ಚೀಫು ಮಡಿಸಿದರು. ನನ್ನ ಮುಖ ನೋಡದೆ ಹೇಳಿದರು, "ಇದನ್ನೂ ಹೇಳಿದ್ದ. ಮನೆಯೋರಿಗೆ ಗೊತ್ತಾದ್ರೆ ಅವರೇ ಅಡ್ಡ ಬರ್ತಾರೆ, ನಿಮ್ಮ ಕೈಗೆ ದುಡ್ಡು ಬಂದ್ರೆ ಅವರಿಗೇ ಕಷ್ಟ ಅಂತ."

"ನನಗೇನಕ್ಕಾ ಕಷ್ಟ?"

"ದುಡ್ಡು ಬಂದ್ರೆ ನಾನು ಬೇರೆ ಮನೆ ಮಾಡ್ತೀನಿ. ಒಂದು ರೂಮು ಸಾಕು. ಬೀಗದ ಕೈ ನನ್ನ ಹತ್ರ ಇರ್ಬೇಕು. ನಾನು ಹೋದ್ರೆ ನಿನಗೆ ಬೆಳಿಗ್ಗೆ ಡಬ್ಬಿ ಯಾರು ಕಟ್ತಾರೆ?"

ಇಷ್ಟು ವರ್ಷ ಎಲ್ಲರನ್ನೂ ಅನುಮಾನದಿಂದ ನೋಡಿದವಳು ನಾನು. ನನ್ನನ್ನು ಯಾರೂ ಹಾಗೆ ನೋಡಿರಲಿಲ್ಲ. ಅಕ್ಕನ ದೃಷ್ಟಿಯಲ್ಲಿ ಆಗ ಇಬ್ಬರಿದ್ದೆವು. ದಿನಾ ಫೋನ್ ಮಾಡಿ ಮಂಡಿನೋವು ಹೇಗಿದೆ ಎಂದು ವಿಚಾರಿಸುವ ಒಬ್ಬ, ಅವರ ಹಿಂದೆ ಕಳ್ಳಹೆಜ್ಜೆಯಲ್ಲಿ ಬಂದ ಒಬ್ಬಳು. ಇಬ್ಬರಲ್ಲಿ ಯಾರಿಗೆ ತಮ್ಮಿಂದ ಲಾಭ ಎಂದು ಅವರು ಲೆಕ್ಕ ಹಾಕುತ್ತಿದ್ದರು, ನಾನು ಕೌಂಟರಿನಲ್ಲಿ ಕೂತು ಹಾಕುವ ಹಾಗೆಯೇ. ನನಗೆ ಸಿಟ್ಟು ಬಂತು, ಅಳುವೂ ಬಂತು. ಇನ್ನೊಂದು ವಿಷಯವೂ ಅಲ್ಲೇ ತಲೆಗೆ ಹೊಕ್ಕಿತು. ನಮ್ಮ ಮನೆಗೆ ಮೂರು ಬೀಗದ ಕೈಗಳಿವೆ. ಒಂದು ನನ್ನದು, ಒಂದು ಗಂಡನದು, ಒಂದು ಮೊಳೆಯ ಮೇಲೆ ನೇತಾಡುತ್ತದೆ. ಅಕ್ಕ ಯಾವಾಗಲೂ ಮನೆಯಲ್ಲೇ ಇರುತ್ತಾರಲ್ಲ, ಹಾಗಾಗಿ ಅವರಿಗೊಂದು ಕೊಡಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

"ಆಂಟಿ, ನಿಮ್ಮ ಟೋಕನ್" ಎಂದು ಹುಡುಗಿ ಕರೆದಳು. ಅಕ್ಕ ಎದ್ದು ನಿಂತರು.

ತಡೆಯಲು ನನಗೆ ಹೆದರಿಕೆಯಾಯಿತು. ತಡೆದರೆ ಅವನ ಮಾತೇ ನಿಜವಾಗುತ್ತದೆ. "ಅಕ್ಕಾ, ಬಳೆ ನಿಮ್ಮದು. ಇಡ್ಬೇಡಿ ಅನ್ನಲ್ಲ. ಒಂದು ಕಾಫಿ ಕುಡ್ಕೊಂಡು ಬರೋಣ, ಆಮೇಲೆ ನಿಮ್ಮಿಷ್ಟ" ಎಂದೆ. ಅಕ್ಕ ಒಮ್ಮೆ ಟೋಕನ್ ನೋಡಿದರು, ಒಮ್ಮೆ ಬಳೆ ನೋಡಿದರು. ಕೊನೆಗೆ, ಕಾಫಿಯ ಆಸೆಗೋ ಏನೋ, ಮೆಟ್ಟಿಲ ಕಡೆ ತಿರುಗಿದರು.

ದರ್ಶಿನಿಯ ಹೊರಗಿನ ಎತ್ತರದ ಮೇಜಿನ ಬಳಿ ನಿಂತು ಅಕ್ಕ ಬಳೆಗಳನ್ನು ಮತ್ತೆ ಕೈಗೆ ಏರಿಸಿಕೊಂಡರು, ಬೀದಿಯಲ್ಲಿ ಕರ್ಚೀಫಿನಲ್ಲಿ ಇಟ್ಟುಕೊಳ್ಳಲು ಹೆದರಿ. ಏರುವಾಗ ನೋಯಿತೆಂದು ಕಾಣುತ್ತದೆ, ಹಲ್ಲು ಕಚ್ಚಿದರು. ಲೋಟದ ಕಾಫಿ ಆರುವ ತನಕ ಬಳೆಗಳನ್ನೇ ತಿರುಗಿಸುತ್ತಾ ನಿಂತಿದ್ದರು. ನಾನು ಒಂದು ಮಾತೂ ಆಡಲಿಲ್ಲ. ನನ್ನ ಪಾಲಿಗೆ ಅದು ಸಣ್ಣ ಸಾಹಸವಲ್ಲ.

ಫೋನು ಬಂತು. ಅವನೇ. ಗಾಡಿಗಳ ಸದ್ದಿಗೆ ಕೇಳಿಸುವುದಿಲ್ಲವೆಂದು ಅಕ್ಕ ಸ್ಪೀಕರ್ ಹಾಕಿದರು. ನನ್ನಿಂದ ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲವಲ್ಲ.

"ಅಮ್ಮಾ, ಕೆಲಸ ಆಯ್ತಾ? ಟೈಮ್ ಆಗ್ತಾ ಇದೆ ಅಮ್ಮಾ" ಎಂದ. ದನಿ ನಿಜಕ್ಕೂ ಮೆದುವಾಗಿತ್ತು. ಬೆಣ್ಣೆ ಹಚ್ಚುವುದರಲ್ಲಿ ಪಳಗಿದ ದನಿ.

"ನೋಡಪ್ಪಾ" ಎಂದರು ಅಕ್ಕ, "ಇಲ್ಲೀ ತನಕ ಬಂದೆ. ಬಳೆ ಬಿಚ್ಚಿದೆ. ಆದ್ರೆ ಕೊಡೋಕೆ ಮನಸ್ಸು ಬರ್ತಿಲ್ಲ. ಇದು ಹೋದ್ರೆ ನನ್ನದು ಅಂತ ಏನೂ ಉಳಿಯಲ್ಲ."

"ಅಯ್ಯೋ ಅಮ್ಮಾ, ನಾಳೇನೇ ಬಿಡಿಸ್ಕೋಬಹುದು. ಅಷ್ಟು ದುಡ್ಡು ಬರ್ತಾ ಇದೆ."

"ಅದಕ್ಕೇ ಒಂದು ಯೋಚನೆ ಮಾಡ್ದೆ. ಆ ಕಾರು ನೀನೇ ತಗೋ."

"ಏನಮ್ಮಾ?"

"ನೀನೇ ತಗೋಪ್ಪಾ. ಇಷ್ಟು ದಿನ ನನಗೋಸ್ಕರ ಎಷ್ಟು ಒದ್ದಾಡಿದೀಯ. ತಂಗಿ ಮದುವೆ ಮಾಡ್ಬೇಕು, ದುಡ್ಡು ಸಾಲ್ತಿಲ್ಲ ಅಂದಿದ್ಯಲ್ಲ. ಆ ಟ್ಯಾಕ್ಸು ನೀನು ಕಟ್ಟು, ಬಹುಮಾನ ಎಲ್ಲಾ ನೀನೇ ಇಟ್ಕೋ. ನನಗೆ ಒಂದು ರೂಪಾಯಿ ಬೇಡ. ಎಲ್ಲಿ ಬೇಕೋ ಅಲ್ಲಿ ಸೈನ್ ಹಾಕ್ತೀನಿ."

ನಾನು ಅಕ್ಕನ ಮುಖ ನೋಡಿದೆ. ಅವನನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಅಲ್ಲ. ಕಣ್ಣು ತುಂಬಿತ್ತು. ಬಂದ ಅದೃಷ್ಟವನ್ನು ಅವರು ನಿಜವಾಗಿಯೂ ಕೊಟ್ಟುಬಿಡುತ್ತಿದ್ದರು, ಮಂಡಿನೋವು ವಿಚಾರಿಸಿದ ಹುಡುಗನಿಗೆ.

"ಅದಕ್ಕೆ ರೂಲ್ಸ್ ಇಲ್ಲಮ್ಮಾ."

"ರೂಲ್ಸು ಎಲ್ಲಾ ನನ್ನ ಕೈಲೇ ಇದೆ, ನೀವೇನೂ ಯೋಚನೆ ಮಾಡ್ಬೇಡಿ ಅಂತ ನೀನೇ ಅಂದಿದ್ಯಲ್ಲ?"

"ಅಮ್ಮಾ, ನಿಮ್ಮ ಹೆಸರಿಗೆ ಬಂದಿರೋದು, ನೀವೇ ಕಟ್ಬೇಕು."

"ಹಂಗಾದ್ರೆ ಟ್ಯಾಕ್ಸ್ ದುಡ್ಡು ನೀನು ನನಗೆ ಹಾಕು, ನಾನೇ ಕಟ್ತೀನಿ. ಬಹುಮಾನ ಬಂದ ತಕ್ಷಣ ನಿನ್ನ ಕೈಗೇ ಕೊಡ್ತೀನಿ. ದೇವರಾಣೆ. ನಾನು ನಿನ್ನ ನಂಬಿಲ್ವಾ, ನೀನು ನನ್ನ ನಂಬೋಲ್ವಾ?"

ದನಿಯಲ್ಲಿದ್ದ ಬೆಣ್ಣೆಯೆಲ್ಲ ಕರಗಿತು. "ರೀ, ಟೈಮ್ ವೇಸ್ಟ್ ಮಾಡ್ಬೇಡ್ರೀ. ಅದೃಷ್ಟ ಬೇಡ ಅಂದ್ರೆ ಹಾಳಾಗೋಗಿ" ಎಂದು ಇಟ್ಟ.

ಅಕ್ಕ ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟರು. ಪಕ್ಕದ ಮೇಜಿನಲ್ಲಿ ಯಾರೋ ಚಟ್ನಿ ಕೇಳುತ್ತಿದ್ದರು. ಆಮೇಲೆ ಅಕ್ಕ ಸಣ್ಣ ದನಿಯಲ್ಲಿ, "ಕೊಟ್ರೂ ಬೇಡ ಅಂದ್ನಲ್ಲೇ. ಅಷ್ಟು ದುಡ್ಡನ್ನ ಯಾರು ಬೇಡ ಅಂತಾರೆ?" ಎಂದರು. ಸ್ವಲ್ಪ ಹೊತ್ತಿಗೆ ಉತ್ತರವೂ ಅವರಿಗೇ ಹೊಳೆಯಿತು. ಮುಖ ಕಪ್ಪಿಟ್ಟಿತು. ನನಗೆ ಹೊಳೆಯದೇ ಹೋದ ಪ್ರಶ್ನೆ ಅದು. ನಾನು ಸೀಲು ನೋಡಿದೆ, ಖಾತೆ ನೋಡಿದೆ, ನಂಬರು ನೋಡಿದೆ. ಉಡುಗೊರೆಯಾಗಿ ಕೊಟ್ಟರೆ ತೆಗೆದುಕೊಳ್ಳುತ್ತಾನಾ ಎಂದು ಕೇಳುವಷ್ಟು ದೊಡ್ಡ ಮನಸ್ಸು ನನ್ನದಲ್ಲ.

ಮನೆಗೆ ಬಂದು ಸೈಬರ್ ವಂಚನೆಯ ಸಹಾಯವಾಣಿಗೆ ಫೋನ್ ಮಾಡಿ ದೂರು ಬರೆಸಿದೆವು. ಮೊದಲು ಹೋದ ದುಡ್ಡು ಬರುವುದು ಕಷ್ಟ, ಕಳಿಸಿದ ಕೂಡಲೇ ತಿಳಿಸಿದ್ದರೆ ತಡೆಯಬಹುದಿತ್ತು ಎಂದರು. ಹೂವು ಹಾಲಿನ ದುಡ್ಡು ಹೋಯಿತು. ಬೇರೆ ಬೇರೆ ನಂಬರುಗಳಿಂದ ಫೋನು ಬರುತ್ತಲೇ ಇತ್ತು. ಒಬ್ಬ ಕಂಪನಿಯ ಮ್ಯಾನೇಜರ್ ಎಂದ, ಇನ್ನೊಬ್ಬ ಟ್ಯಾಕ್ಸ್ ಕಟ್ಟದಿದ್ದರೆ ಕೇಸು ಎಂದು ಗದರಿಸಿದ. ಮೊದಮೊದಲು ಅಕ್ಕ ಹೆದರುತ್ತಿದ್ದರು. ಆಮೇಲೆ, "ನಿನಗೇ ಇರ್ಲಪ್ಪಾ" ಎಂದು ಹೇಳಿ ಇಡಲು ಕಲಿತರು. ಪಕ್ಕದ ಮನೆಯವರಿಗೆ, ಹೂವಿನವಳಿಗೆ, ಗೇಟಿನ ಮುಂದೆ ನಿಂತವರಿಗೆಲ್ಲ ನಡೆದದ್ದನ್ನು ಹೇಳಿದರು. ನನಗೆ ಮರ್ಯಾದೆ ಪ್ರಶ್ನೆ. "ಎಲ್ಲರಿಗೂ ಯಾಕಕ್ಕಾ?" ಎಂದರೆ, "ಹೇಳ್ದೇ ಇದ್ದಿದ್ದಕ್ಕೇ ತಾನೇ ಇಷ್ಟಾಗಿದ್ದು" ಎಂದು ನನ್ನ ಬಾಯಿ ಮುಚ್ಚಿಸಿದರು.

ಎಲ್ಲ ಮುಗಿಯಿತು ಎಂದುಕೊಂಡಿದ್ದೆ. ದೇವರಮನೆಯ ಮುಡಿಪನ್ನು ಬಿಚ್ಚಿ ಹುಂಡಿಗೆ ಹಾಕಿಬಿಡಿ, ಸುಳ್ಳಿಗೆ ಕಟ್ಟಿದ್ದು ಯಾಕೆ ಎಂದೆ. ಅಕ್ಕ ಕರಿಬೇವು ಬಿಡಿಸುತ್ತಿದ್ದವರು ತಲೆ ಎತ್ತಲಿಲ್ಲ. "ಅದು ಕಾರಿಗೆ ಕಟ್ಟಿದ್ದಲ್ಲ ಕಣೇ, ಮನೆಗೆ ಕಟ್ಟಿದ್ದು. ಬಿಚ್ಚಲ್ಲ" ಎಂದರು. ರಾತ್ರಿ ಊಟದ ಹೊತ್ತಿಗೆ ತಮ್ಮನ ಮುಂದೆ ಬಾಯಿಬಿಟ್ಟೇ ಹೇಳಿದರು, ಬೇರೆ ರೂಮು ಮಾಡುತ್ತೇನೆ ಎಂದು. ನನ್ನ ಗಂಡ ಅನ್ನ ಕಲೆಸುವುದನ್ನು ನಿಲ್ಲಿಸಿ, "ಜನ ಏನಂತಾರೆ?" ಎಂದರು. ನಾನು, "ಇಲ್ಲೇನಕ್ಕಾ ಕಮ್ಮಿ ಆಗಿದೆ?" ಎಂದೆ. ಬಾಯಿಂದ ಬಿದ್ದ ಮೇಲೆ ಆ ಮಾತು ನನ್ನ ಕಿವಿಗೇ ಹಿತವೆನಿಸಲಿಲ್ಲ. ನಾಳೆಯ ಡಬ್ಬಿ, ನಾಡಿದ್ದಿನ ಹುಳಿಪುಡಿ, ಎಲ್ಲವೂ ಆ ಮಾತಿನೊಳಗೆ ಕೂತಿದ್ದವು. ಫೋನಿನ ಆ ಖದೀಮ ಹೇಳಿದ್ದೆಲ್ಲ ಸುಳ್ಳೆಂದು ವಾದಿಸಿದವಳು ನಾನು. ಮನೆಯವರಿಗೇ ಕಷ್ಟ ಎಂದ ಇದೊಂದನ್ನು ಸುಳ್ಳೆಂದು ತೋರಿಸಲು ನನ್ನಿಂದ ಆಗಲಿಲ್ಲ.

ರೂಮು ಹುಡುಕಲು ನಾನೇ ಕರೆದುಕೊಂಡು ಹೋದೆ. ಚಂದ್ರಾ ಲೇಔಟಿನಲ್ಲಿ ಬಾಡಿಗೆ ಕೈಗೆಟುಕಲಿಲ್ಲ. ಎಲ್ಲೆಲ್ಲೂ ಅದೇ ಪ್ರಶ್ನೆ, ಒಬ್ಬರೇ ಯಾಕೆ, ಮನೆಯಲ್ಲಿ ಜಗಳವಾ, ಯಾರಾದರೂ ಬಂದು ಹೋಗುತ್ತಾರಾ. ಅವರ ಕಣ್ಣಿನಲ್ಲಿದ್ದದ್ದು ನನಗೆ ಚೆನ್ನಾಗಿ ಪರಿಚಯವಿರುವ ಅನುಮಾನವೇ, ಆದರೂ ಮೈಯೆಲ್ಲ ಉರಿಯುತ್ತಿತ್ತು. ಕೊನೆಗೆ ಉಲ್ಲಾಳದಲ್ಲಿ ಒಂದು ಮನೆಯ ಹಿಂಭಾಗದ ರೂಮು ಸಿಕ್ಕಿತು. ಒಂದು ಅಡುಗೆ ಕಟ್ಟೆ, ಒಂದು ಕಿಟಕಿ, ಹೊರಗೆ ಬಟ್ಟೆ ಒಗೆಯುವ ಕಲ್ಲು. ಓನರ್ ಹೆಂಗಸು ನನ್ನನ್ನು ಪಕ್ಕಕ್ಕೆ ಕರೆದು, "ನಿಜ ಹೇಳಿ, ನೀವೇ ಆಚೆ ಹಾಕ್ತಿದೀರಾ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮುಂಚೆ ಅಕ್ಕನೇ ಆ ಕಡೆಯಿಂದ, "ಇಲ್ಲಮ್ಮಾ, ನಾನೇ ಹೊರಟಿರೋದು. ಅವಳಿಗೆ ಇಷ್ಟ ಇಲ್ಲ" ಎಂದರು.

ಅಡ್ವಾನ್ಸಿಗೆ ತಮ್ಮ ಕೊಡುತ್ತೇನೆ ಎಂದರೂ ಅಕ್ಕ ಒಪ್ಪಲಿಲ್ಲ. ನಾನು ಸ್ಕೂಟಿಯಲ್ಲಿ ಕೂರಿಸಿಕೊಂಡು ವಿಜಯನಗರಕ್ಕೆ ಹೋದೆ. ಈ ಸಲ ಒಂದೇ ಬಳೆ ಬಿಚ್ಚಿದರು. ಇನ್ನೊಂದು ಕೈಯಲ್ಲೇ ಇತ್ತು. ರಸೀತಿಯನ್ನು ನಾನು ಎರಡು ಸಲ ಓದಿ, ತೂಕ ಸರಿಯಾಗಿದೆಯಾ ಎಂದು ಆ ಹುಡುಗಿಯನ್ನು ಗೋಳು ಹುಯ್ದುಕೊಂಡೆ. ಯಜಮಾನರ ಪಿಂಚಣಿಯಲ್ಲಿ ಬಾಡಿಗೆ ಹೋಗುತ್ತದೆ. ಓನರ್ ಮನೆಯ ಪಕ್ಕ ಪೀಜಿಯಲ್ಲಿರುವ ಹುಡುಗಿಯರಿಗೆ ಚಪಾತಿ ಮಾಡಿಕೊಟ್ಟು ಬಳೆ ಬಿಡಿಸಿಕೊಳ್ಳುವ ಯೋಚನೆ ಅವರದು.

ಅವರು ಹೋದ ಮೇಲೆ ನಮ್ಮ ಮನೆಯಲ್ಲಿ ಬೆಳಗಿನ ತಿಂಡಿಗೆ ಬ್ರೆಡ್ಡು ಬಂತು. ಮನೆಗೆ ಬಂದರೆ ನಾನೇ ಬೀಗ ತೆಗೆಯಬೇಕು. ಒಳಗೆ ಯಾರೂ ಗುನುಗುತ್ತಿರಲಿಲ್ಲ. ನನಗೆ ಅವರು ಬೇಕಾಗಿದ್ದರು. ಡಬ್ಬಿಗೆ ಬೇಕಾಗಿದ್ದರಾ, ಅವರೇ ಬೇಕಾಗಿದ್ದರಾ ಎಂದು ನನ್ನನ್ನು ನಾನೇ ಅನುಮಾನದಿಂದ ನೋಡಿಕೊಂಡೆ. ಬೇರ್ಪಡಿಸಿ ನೋಡಲು ಆಗಲೇ ಇಲ್ಲ.

ಯುಗಾದಿಗೆ ನಾಲ್ಕು ದಿನ ಮುಂಚೆ ಫೋನ್ ಮಾಡಿದೆ. ಮಂಡಿನೋವು ಹೇಗಿದೆ, ಉಲ್ಲಾಳದಲ್ಲಿ ನೀರು ಸರಿಯಾಗಿ ಬರುತ್ತಾ, ಸೆಕೆ ಹೇಗಿದೆ ಎಂದೆಲ್ಲ ಕೇಳಿದೆ. ಅಕ್ಕ ಎಲ್ಲದಕ್ಕೂ ಹೂಂ ಎಂದರು. ಆಮೇಲೆ, "ಏನು ಬೇಕಿತ್ತು ಹೇಳು" ಎಂದರು.

ನನಗೆ ನಗು ಬಂತು, ಕುಟುಕಿದ ಹಾಗೂ ಆಯಿತು. ಮೆದುವಾಗಿ ವಿಚಾರಿಸುವವರಿಗೆ ಏನೋ ಬೇಕಿರುತ್ತದೆ ಎಂಬುದನ್ನು ಅವರಿಗೆ ಕಲಿಸಿದವರಲ್ಲಿ ನಾನೂ ಒಬ್ಬಳು. ಅವರ ಅನುಮಾನ ತಪ್ಪೂ ಆಗಿರಲಿಲ್ಲ.

"ಹಬ್ಬಕ್ಕೆ ಒಬ್ಬಟ್ಟು ಮಾಡೋಕೆ ಬರ್ತೀರಾ ಅಂತ ಕೇಳೋಣ ಅಂತಿದ್ದೆ ಅಕ್ಕಾ. ನನ್ನ ಕಣಕ ಹದ ಬರಲ್ಲ."

ಆ ಕಡೆ ಕುಕ್ಕರ್ ಕೂಗಿದ್ದು ಕೇಳಿಸಿತು.

"ಬರ್ತೀನಿ" ಎಂದರು. "ಹೂರಣ ರುಬ್ಬಿಟ್ಟಿರು. ಆದ್ರೆ ರಾತ್ರಿ ಉಳ್ಕೋ ಅನ್ಬೇಡ. ಊಟ ಮುಗಿಸ್ಕೊಂಡು ನನ್ನ ಮನೆಗೆ ಹೋಗ್ಬಿಡ್ತೀನಿ."